ಅಪ್ಪನ ಎಡಗೈ

ಮಸ್ಕಿಯ ನಮ್ಮ ಓಣಿಯಲ್ಲಿ ಕೇಳಿದರೆ ಹೀಗೆ ಹೇಳುತ್ತಾರೆ: ಲಿಂಗವನ್ನು ಕಲ್ಲು ಎನ್ನುತ್ತಿದ್ದ ಹುಡುಗಿಗೆ ಒಂದು ರಾತ್ರಿ ಶಿವ ದರ್ಶನ ಕೊಟ್ಟ, ಅಂದಿನಿಂದ ಅವಳು ಭಕ್ತಳಾದಳು.

ಆ ಹುಡುಗಿ ನಾನು. ದರ್ಶನ ಸುಳ್ಳು. ಆ ಕತ್ತಲಲ್ಲಿ ನನಗೆ ಏನೂ ಕಾಣಿಸಲೇ ಇಲ್ಲ. ಆದದ್ದು ಬೇರೆ... ಆದರೆ ಆದದ್ದಂತೂ ನಿಜ.

ಅಪ್ಪನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು. ಎಡಗೈ ಮತ್ತೆ ಏಳುವುದಿಲ್ಲ ಎಂದು ಸಿಂಧನೂರಿನ ಡಾಕ್ಟರು ಮುಖಕ್ಕೇ ಹೇಳಿದ್ದರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಲಗೈಯಿಂದ ವಿಭೂತಿ, ಪತ್ರಿ ಏರಿಸದೆ ಅಪ್ಪ ಎಂದೂ ಉಂಡವನಲ್ಲ. ಈಗ ಲಿಂಗ ಇಡಲು ಅಂಗೈಯೇ ಇಲ್ಲ. ಊಟ ಬಿಟ್ಟ.

ಮೂರನೇ ದಿನ ನಾನೇ ಕೈ ಚಾಚಿದೆ. "ನನ್ನ ಕೈಯಾಗ ಇಡಪ್ಪಾ."

ಅವ್ವ ಗದರಿದಳು. "ಒಬ್ಬರ ಲಿಂಗ ಇನ್ನೊಬ್ಬರ ಕೈಗೆ ಕೊಡಬಾರದು. ಅದ್ರಾಗ ಇಕಿ ತನ್ನ ಕೊಳ್ಳಾಗಿಂದು ಬಿಚ್ಚಿಟ್ಟಾಕಿ. ಲಿಂಗಸುಗೂರಿನಾಗ ವಾದ ಮಾಡಿ ಕಪ್ ತಂದಾಕಿ. ಪೂಜಿ ಮುಗಿಯೂದ್ರಾಗ ದೇವರನ್ನೂ ಸೋಲಿಸ್ತಾಳ."

"ಇಕಿ ಇನ್ನೊಬ್ಬಾಕಿ ಅಲ್ಲ... ನನ್ನ ಕೈ," ಎಂದು ಅಪ್ಪ ತೊದಲಿದ.

ನಂಬಿಕೆ ಬಂದು ಕೊಟ್ಟ ಕೈ ಅಲ್ಲ ಅದು. ಅವನು ಉಣ್ಣಬೇಕಿತ್ತು, ಅಷ್ಟೇ. ದಿನಾ ಸಂಜೆ ಮಂಚದ ಬಲಕ್ಕೆ ಕೂತು ಅಂಗೈ ಕೊಡತೊಡಗಿದೆ.

ಆ ದಿನ ಕತ್ತಲಾದ ಮೇಲೆ, ಪೂಜೆಯ ನಡುವೆ ಕರೆಂಟ್ ಹೋಯಿತು. ಮೊಬೈಲ್ ಒಳಗೆ ಚಾರ್ಜಿಗಿತ್ತು. ಲಿಂಗ ಕೈಯಲ್ಲಿರುವಾಗ ಏಳುವಂತಿಲ್ಲ. ವಿಭೂತಿಯ ವಾಸನೆ... ಅಡುಗೆಮನೆಯಲ್ಲಿ ಒಲೆಯ ಬೆಳಕಿಗೆ ಅವ್ವ ರೊಟ್ಟಿ ಬಡಿಯುವ ಸದ್ದು, ಟಪ್... ಟಪ್... ನನ್ನ ಕೈ ಸೋತು ಕೆಳಗಿಳಿಯುತ್ತಿತ್ತು.

ಆಗ ಕೆಳಗಿನಿಂದ ಒಂದು ಕೈ ಬಂತು.

ತಣ್ಣಗೆ, ಒರಟು ಚರ್ಮ. ನನ್ನ ಮುಂಗೈಗೆ ಅಂಟಿ, ಮೆಲ್ಲಗೆ ಎತ್ತಿ ಹಿಡಿಯಿತು. ಅಪ್ಪನ ಬಲಗೈ ಎಂದುಕೊಂಡೆ. ಅದೇ ಗಳಿಗೆಗೆ, ಅಂಗೈಯ ಮೇಲಿನಿಂದ ಅಪ್ಪನ ಬೆರಳು ಪತ್ರಿ ಇಟ್ಟದ್ದು ತಾಗಿತು. ಅಡುಗೆಮನೆಯ ಟಪ್... ಟಪ್... ನಿಂತಿರಲಿಲ್ಲ. ಮನೆಯಲ್ಲಿ ನಾಲ್ಕನೆಯವರಿಲ್ಲ.

"ಅಪ್ಪಾ... ಕೆಳಗ ಯಾರು?"

"ನಾ ಹಿಡದೀನಿ," ಎಂದ. ತೊದಲಲಿಲ್ಲ.

ಕರೆಂಟ್ ಬಂತು. ಕೆಳಗೆ ಯಾವ ಕೈಯೂ ಇರಲಿಲ್ಲ. ಅಪ್ಪನ ಎಡಗೈ ಮಂಚದ ಆ ಬದಿಗೆ, ಅವ್ವ ಸಂಜೆ ಸುತ್ತಿ ಸಿಕ್ಕಿಸಿದ್ದ ಕೌದಿಯೊಳಗೇ ಇತ್ತು. ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ದಣಿದ ಮಿದುಳು ಮೋಸ ಮಾಡುತ್ತದೆ, ಗೊತ್ತು. ಬೇರೆ ಯಾರಾದರೂ ಇದನ್ನು ಹೇಳಿದ್ದರೆ ಎರಡು ನಿಮಿಷದಲ್ಲಿ ಅವರ ವಾದ ಕೆಡವುತ್ತಿದ್ದೆ. ನನ್ನ ಮುಂಗೈ ಹೇಳುವುದನ್ನು ಕೆಡವಲು ಆಗುತ್ತಿಲ್ಲ.

ಬೆಳಗಾಗುವಷ್ಟರಲ್ಲಿ ಅಪ್ಪನ ಮಾತು ಪೂರ್ತಿ ನಿಂತಿತು. ಬಲಗೈಯೂ ಹೋಯಿತು. ಈಗ ಪತ್ರಿ ಏರಿಸುವವಳೂ ನಾನೇ, ಅವನ ಬಾಯಿಗೆ ಗಂಜಿ ಹಾಕುವವಳೂ ನಾನೇ. ಕಾಲೇಜು ಬಿಟ್ಟಾಯಿತು. ಬೆಳಗೆದ್ದರೆ ನನಗಿರುವ ಗುರಿ ಸಂಜೆಯ ಈ ಅರ್ಧ ಗಂಟೆಯೊಂದೇ. ಓಣಿಯವರು ಇದನ್ನೇ ಭಕ್ತಿ ಎನ್ನುತ್ತಾರೆ.

ಅವರಿಗೆ ಗೊತ್ತಿಲ್ಲದ್ದು ಇಷ್ಟು: ಪೂಜೆಯ ನಡುವೆ ನಾನು ಕೂತಲ್ಲಿಂದಲೇ ಲೈಟ್ ಆರಿಸುತ್ತೇನೆ. ಕೈ ಚಾಚಿ ಕಾಯುತ್ತೇನೆ. ಕೈ ಸೋತು ಕೆಳಗಿಳಿಯುತ್ತದೆ... ಯಾರೂ ಹಿಡಿಯುವುದಿಲ್ಲ.

ನಿನ್ನೆ ಲೈಟ್ ಹಾಕಿದಾಗ ಅಪ್ಪನ ಕಣ್ಣು ನನ್ನ ಮೇಲೇ ಇತ್ತು. ಕೇಳಿಯೇಬಿಟ್ಟೆ.

"ಅಪ್ಪಾ, ಅದು ನಿನ್ನ ಕೈನ ಆಗಿದ್ದರ, ಯಾಕ ಬಿಟ್ಟಿ?"