ಎಡಗಡೆ ಗಾಲಿಯ ನಟ್ಟು

ಬೈಲಹೊಂಗಲದ ಗ್ಯಾರೇಜಿನಿಂದ ನಾವು ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಸವದತ್ತಿ ಹಾಯ್ದು, ರಾಮದುರ್ಗದ ಹತ್ತಿರದ ಒಂದು ಹೊಲಕ್ಕೆ ಸಂಜೆ ನಾಲ್ಕರೊಳಗೆ ಮುಟ್ಟಬೇಕಿತ್ತು. ನಾವು ಕುಳಿತದ್ದು ಸೈನ್ಯದವರು ಹರಾಜು ಹಾಕಿದ ಹಳೆಯ ಲಾರಿ. ಸೈನ್ಯದ ಹಸಿರು ಬಣ್ಣದಲ್ಲಿ ಖಾಸಗಿ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಹಾಗಾಗಿ ಹಿಂದಿನ ವಾರವಷ್ಟೇ ಹಳದಿ ಬಳಿಸಿದ್ದರು. ಪೇಂಟರ್ ಉತ್ಸಾಹದಲ್ಲಿ ಗಾಲಿಯ ನಡುಭಾಗಕ್ಕೂ ನಟ್ಟುಗಳಿಗೂ ಬೆಳ್ಳಿ ಬಣ್ಣ ಹಚ್ಚಿದ್ದ.

ಗ್ಯಾರೇಜಿಗೆ ಪಾಲುದಾರರು ಇಬ್ಬರು, ಇಬ್ಬರಿಗೂ ಅರವತ್ತರ ಸಮೀಪ. ಶ್ರೀಪಾದ ಜೋಶಿಯವರ ತಂದೆ ಪಂಚಾಂಗ ನೋಡಿ ಫಲ ಹೇಳುತ್ತಿದ್ದರು. ಮಗ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಾರೆ. ಗೌತಮ ಕಾಂಬಳೆಯವರು ಸೈನ್ಯದಲ್ಲಿ ಇಂಥವೇ ಲಾರಿ ಓಡಿಸಿ, ರಿಪೇರಿ ಮಾಡಿ ನಿವೃತ್ತರಾದವರು. ಸ್ಟಿಯರಿಂಗ್ ಕಾಂಬಳೆಯವರದು, ಮಾತು ಜೋಶಿಯವರದು. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿದ್ದ ನಾನು ನಡುವೆ, ಬಿಸಿಯಾಗುವ ಎಂಜಿನ್ ಪೆಟ್ಟಿಗೆಯ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು ಕುಳಿತಿದ್ದೆ.

ಅವಸರ ಲಾರಿಯ ಒಡತಿ ಶಾಂತವ್ವನದು. ಎರಡು ದಿನದ ಹಿಂದೆ ಅಕಾಲದ ಮಳೆ ಬಿದ್ದು, ಕಬ್ಬು ತುಂಬಿದ ಆಕೆಯ ಟ್ರೇಲರ್ ಎರೆಹೊಲದಲ್ಲಿ ಅಚ್ಚಿನವರೆಗೆ ಹೂತಿತ್ತು. ಕಾರ್ಖಾನೆಯಲ್ಲಿ ಆಕೆಯ ಪಾಳಿ ಅಂದು ಸಂಜೆ ಆರಕ್ಕೆ. ತಪ್ಪಿದರೆ ಮತ್ತೆ ಎಂಟು ದಿನ ಕಾಯಬೇಕು, ಅಷ್ಟರಲ್ಲಿ ಕಡಿದ ಕಬ್ಬು ಒಣಗಿ ಹಗುರಾಗುತ್ತದೆ. ಟ್ರ್ಯಾಕ್ಟರಿನಿಂದ ಆಗದ್ದನ್ನು ಈ ಲಾರಿ ಎಳೆಯಬೇಕಿತ್ತು.

ಮುರಗೋಡದಲ್ಲಿ ಆಕೆಯ ಫೋನ್ ಬಂತು. "ಎಲ್ಲಿ ಅದೀರಿ ಅಣ್ಣಾರ?"

"ಬಂದ್ವಿ ತಂಗೀ, ಸವದತ್ತಿ ಗುಡ್ಡ ಕಾಣ್ಲಿಕ್ಕೆ ಹತ್ತದ," ಎಂದರು ಜೋಶಿ. ಸವದತ್ತಿ ಇನ್ನೂ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರವಿತ್ತು.

"ಪಂಚಾಂಗದಾಗ ಕಂಡಿರಬೇಕು," ಎನ್ನುತ್ತ ಕಾಂಬಳೆ ಗೇರ್ ಬದಲಿಸಿದರು. ವೇಗದ ಮುಳ್ಳು ಮೂವತ್ತೈದರ ಗೆರೆ ದಾಟಲೇ ಇಲ್ಲ.

ಸವದತ್ತಿಯಲ್ಲಿ ಉಕ್ಕಿನ ಹಗ್ಗ ಹೇರಿಕೊಂಡು, ಗಿರಮಿಟ್ಟು ಮಿರ್ಚಿ ತಿಂದೆವು. ಬಿಸಿಲು ಹಿತವಾಗಿತ್ತು. ಹೂಲಿ ಕ್ರಾಸಿನ ಚಹಾದ ಅಂಗಡಿಯ ಎದುರು, ಒಂದೂಕಾಲಿಗೆ, ಎಡಗಡೆಯ ಮುಂದಿನ ಗಾಲಿ ಪಂಕ್ಚರ್ ಆಯಿತು.

ಜೋಶಿ ನಟ್ಟು ಬಿಚ್ಚುವ ಪಾನಾ ಹಿಡಿದು ನನ್ನತ್ತ ತಿರುಗಿದರು. "ಬರ್ಕೋರಿ. ಈ ಗಾಡೀದು ಎಡಗಡೆ ನಟ್ಟು ಉಲ್ಟಾ ಇರ್ತದ. ಬಲಕ್ಕ ತಿರುವಿದ್ರನ ಸಡಲ್ತದ."

"ಜೋಶಿ, ಒಂದ್ ಮಾತ ಹೇಳ್ಲೇನ?" ಎಂದರು ಕಾಂಬಳೆ.

"ಆಮ್ಯಾಲ ಹೇಳು."

ನಟ್ಟು ಅಲುಗಲಿಲ್ಲ. ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿದರು, ಆಗಲೂ ಇಲ್ಲ. ಬೈಕ್ ನಿಲ್ಲಿಸಿ ನೋಡುತ್ತಿದ್ದ ಇಬ್ಬರು ಪೈಪಿನ ಮೇಲೆ ಹತ್ತಿ ನಿಂತರು.

"ಜೋಶಿ, ಅದು..."

"ಮೂವತ್ತ ವರ್ಷ ಇಂಥಾವನ್ನ ಬಿಚ್ಚೇನಿ ನಾ."

"ಹೂಂ, ಬಿಚ್ಚು," ಎಂದು ಕಾಂಬಳೆ ಚಹಾ ಹೇಳಲು ಹೋದರು. ಹಿಂದೆಯೇ ಖಟ್ ಎಂಬ ಸದ್ದು. ಎಂಟು ಬೋಲ್ಟುಗಳಲ್ಲಿ ಒಂದು ಮುರಿದಿತ್ತು. ಬೈಕಿನವರು ಮೆಲ್ಲಗೆ ಕೆಳಗಿಳಿದರು. ಶಾಂತವ್ವನ ಫೋನ್ ಮತ್ತೆ ಬಂತು. ಈ ಸಲ ಜೋಶಿ ಅದನ್ನು ಕಾಂಬಳೆಯವರ ಕೈಗೆ ಕೊಟ್ಟರು. "ನಾಕಕ್ಕ ಬರತೇವಿ, ಬೇ," ಎಂದು ಅವರು ಇಟ್ಟರು.

"ಈಗ ಹೇಳು," ಎಂದರು ಜೋಶಿ.

"ನೀ ಕಿತ್ತೂರಿಗೆ ಮದವಿಗೆ ಹೋಗಿದ್ದಿ ನೋಡು, ಆವಾಗ ಈ ಗಾಲಿ ಹಬ್ ಸೀಳಿತ್ತು. ಗುಜರಿಯೊಳಗ ಎಡಗಡೀದು ಸಿಗಲಿಲ್ಲ, ಬೋಲ್ಟ್ ಸಮೇತ ಬಲಗಡೀದು ಹಾಕೇನಿ. ಇದೊಂದ ಗಾಲಿ ನಟ್ಟು ಸೀದಾ ಅದಾವ."

"ಒಂದ್ ಗುರುತರ ಮಾಡಬಾರ್ದೇನು?"

ಕಾಂಬಳೆ ಬೀಗದ ಕೈಯಿಂದ ಗಾಲಿಯ ನಡುಭಾಗ ಕೆರೆದರು. ಬೆಳ್ಳಿ ಬಣ್ಣದ ಕೆಳಗೆ ಕೆಂಪು ಬಾಣವೊಂದಿತ್ತು, ಎಡಕ್ಕೆ ಮುಖ ಮಾಡಿ.

ಉಳಿದ ಏಳು ನಟ್ಟುಗಳು ಎಡಕ್ಕೆ ತಿರುಗಿ ಸಲೀಸಾಗಿ ಬಂದವು. ಬೇರೆ ಗಾಲಿ ಹಾಕಿ ಹೊರಟಾಗ ಎರಡೂಕಾಲು. ಏಳು ನಟ್ಟಿನ ಮೇಲೆ ಅಲ್ಲಿಗೆ ಮುಟ್ಟಬಹುದು ಎಂದು ಇಬ್ಬರೂ ಒಪ್ಪಿದರು. ಅಂದು ಅವರು ಒಪ್ಪಿದ ಮೊದಲ ಮಾತು ಅದು.

"ಇದನ್ನೇನ್ ಬರೀಬ್ಯಾಡ್ರಿ," ಎಂದರು ಜೋಶಿ, ರಸ್ತೆ ನೋಡುತ್ತ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಹೊಲ ಮುಟ್ಟಿದೆವು. ಶಾಂತವ್ವ ಸೆರಗು ಸಿಕ್ಕಿಸಿ ಬದುವಿನ ಮೇಲೆ ನಿಂತಿದ್ದಳು. ಕಾಂಬಳೆ ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಹರಿಸುವ ಸನ್ನೆ ಎಳೆದರು. ಹಗ್ಗ ಬಿಗಿಯಿತು. ಮೊದಲ ಎಳೆತಕ್ಕೆ ಟ್ರೇಲರ್ ಬರೇ ನಡುಗಿತು. ಎರಡನೆಯದಕ್ಕೆ ಎರೆಮಣ್ಣು ಪಚಕ್ಕೆಂದು ಬಾಯಿ ಬಿಟ್ಟಿತು, ಗಾಲಿಗಳು ಮೇಲೆ ಬಂದವು. ನಾಲ್ಕೂವರೆಗೆ ಟ್ರ್ಯಾಕ್ಟರ್ ಕಬ್ಬನ್ನು ಎಳೆದುಕೊಂಡು ಕಾರ್ಖಾನೆಯ ದಾರಿ ಹಿಡಿಯಿತು.

ಶಾಂತವ್ವ ಆರತಿ ತಟ್ಟೆ ತಂದಳು. ಅಷ್ಟರಲ್ಲಿ ಕಾಂಬಳೆಯವರ ಬಾಯಿಂದ ಅವಳಿಗೆ ನಟ್ಟಿನ ಕಥೆ ಮುಟ್ಟಿತ್ತು. ಗಾಲಿಯ ಮುಂದೆ ನಿಂತು, ನಗು ತಡೆದು ಕೇಳಿದಳು: "ಜೋಶ್ಯಾರ, ಈ ಗಾಲಿಗೆ ಆರತಿ ಯಾವ ಕಡಿ ತಿರುವ್ಲಿರಿ?"

"ಕಾಂಬಳೆನ್ನ ಕೇಳ್ರಿ," ಎಂದರು ಜೋಶಿ.

"ಆರತಿ ನಮಗ ಗೊತ್ತಿಲ್ಲ," ಎಂದರು ಕಾಂಬಳೆ. "ನಂದು ಬರೇ ನಟ್ಟು."

ಜೋಶಿ ತಟ್ಟೆಯ ಕುಂಕುಮಕ್ಕೆ ಎರಡು ಹನಿ ಎಣ್ಣೆ ಬೆರೆಸಿದರು. ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಕಾಂಬಳೆ ಕೆರೆದಿದ್ದ ಜಾಗದಲ್ಲೇ, ಆ ಬಾಣವನ್ನು ಬೆರಳಿನಿಂದ ದಪ್ಪಗೆ ತಿದ್ದಿದರು. ಆಮೇಲೆ ನನ್ನತ್ತ ನೋಡದೆ ಹೇಳಿದರು:

"ಇದನ್ನ ಬರ್ಕೋರಿ."