ಕರೆಪ್ಪನ ಹಲಗೆ ಪೆಟ್ಟಿಗೆ

ಕರೆಪ್ಪನ ಎಡಗಾಲು ಚಿಕ್ಕಂದಿನಲ್ಲೇ ಸೊರಗಿತ್ತು. ಹುಕ್ಕೇರಿ ತಾಲೂಕಿನ ದಡ್ಡಿ ಎಂಬ ಊರಿನಲ್ಲಿ ಅಣ್ಣ ಯಲ್ಲಾರಿ ಕುರಿಗಳ ಹಿಂದೆ ಊರೂರು ಅಲೆಯುವಾಗ ಇವನು ಹಟ್ಟಿಯಲ್ಲಿ ಕೂತು ಮರಿ ಕಾಯುತ್ತಿದ್ದ. ಎಲ್ಲರೂ ನಡೆದುಹೋಗುವುದನ್ನು ನೋಡುತ್ತಲೇ ಬೆಳೆದವನಿಗೆ ಗೋಕಾಕದ ಒಂದು ಪ್ರೆಸ್ಸಿನಲ್ಲಿ ಕುರ್ಚಿ ಸಿಕ್ಕಿತು. ಅಲ್ಲಿ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಜೋಡಿಸುವುದನ್ನು ಕಲಿತ. ಸೀತವ್ವನನ್ನು ಮದುವೆಯಾದ. ಮೂಡಲಗಿಯಲ್ಲಿ ಮನೆ ಮಾಡಿದ.

ಕಳೆದ ದೀಪಾವಳಿಗೆ ಪ್ರೆಸ್ ಮುಚ್ಚಿತು. ಮಾಲೀಕ ಬಸವಲಿಂಗ ಅವರು ಹಳೆಯ ಕಂಪ್ಯೂಟರನ್ನು ಇವನಿಗೇ ಕೊಟ್ಟರು. ಒಳಗಿನದೆಲ್ಲ ನೆಟ್ಟಗಿತ್ತು. ಹೊರಗಿನ ತಗಡಿನ ಡಬ್ಬಿಯಲ್ಲಿ ಮಾತ್ರ ಇಲಿಗಳು ಸಂಸಾರ ಹೂಡಿ, ತಳವೆಲ್ಲ ತುಕ್ಕು ಹಿಡಿದು ಉದುರುತ್ತಿತ್ತು.

ಯಲ್ಲಾರಿ ಫೋನ್ ಮಾಡಿದ. “ಅಲ್ಲೇನ ಮಾಡ್ತಿ? ಬಂದಬಿಡು. ಮರಿ ಕಾಯಾಕ ಕಾಲ ಬೇಕಾಗಂಗಿಲ್ಲ.”

ಅಣ್ಣ ಪ್ರೀತಿಯಿಂದಲೇ ಹೇಳಿದ್ದ. ಅದಕ್ಕೇ ಕರೆಪ್ಪ “ನೋಡೋಣು” ಎಂದಷ್ಟೇ ಹೇಳಿ ಫೋನ್ ಇಟ್ಟ.

ಆ ವಾರವೇ ಒಂದು ಮುಂಜಾನೆ ಶಿವಗಂಗವ್ವ ಬಂದರು. ಮೂಡಲಗಿ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಮನೆಯ ಹಿರಿಯರು. ಮೊಮ್ಮಗಳ ತೊಟ್ಟಿಲ ಕಾರ್ಯದ ಪತ್ರಿಕೆ ಆಗಬೇಕಿತ್ತು. “ನಾಳಿ ಸಂಜಿಕ ಬಂದು ನೋಡ್ತೇನಿ, ತಮ್ಮಾ. ನಿನ್ನ ಕಡಿಂದ ಆಗಂಗಿಲ್ಲಂದ್ರ ಗೋಕಾಕಕ್ಕ ಕೊಡ್ತೇನಿ” ಎಂದರು. ಆ ಮನೆಯವರು ಕೆಲಸ ಕೊಟ್ಟರೆ ಇಡೀ ಪೇಟೆ ಕೊಡುತ್ತದೆ. ಅವರು ಎದ್ದು ಹೋದರೆ ದಡ್ಡಿಯ ಹಟ್ಟಿಯೇ ಗತಿ.

ಹೊಸ ಡಬ್ಬಿ ಕೊಳ್ಳುವ ಶಕ್ತಿ ಇರಲಿಲ್ಲ. ಪ್ರೆಸ್ಸಿನ ಹಳೆಯ ನಾಮಫಲಕದ ಪ್ಲೈವುಡ್ ಕೇಳಿ ತಂದು ಕೊಯ್ದ. ಆರು ತುಂಡು ಹಲಗೆ ಸೇರಿಸಿ ಪೆಟ್ಟಿಗೆ ಮಾಡಿದ. ಒಂದರ ಮೇಲೆ ಅರ್ಧ ಅಕ್ಷರ, ಇನ್ನೊಂದರ ಮೇಲೆ ಬರೀ ಒಂದು ಕೊಂಬು. ಹರಿದ ಚಪ್ಪಲಿಯ ರಬ್ಬರನ್ನು ಗುಂಡಗೆ ಕತ್ತರಿಸಿ, ಕಂಪ್ಯೂಟರಿನ ಒಳಗಿನ ಬೋರ್ಡು ಹಲಗೆಗೆ ತಾಗದಂತೆ ಕೆಳಗೆ ಕೊಟ್ಟ. ಕಾಯಿಸಿದ ಸರಳಿನಿಂದ ಗಾಳಿಗೆ ತೂತು ಸುಟ್ಟ. ಚಾಲೂ ಮಾಡುವ ಗುಂಡಿ ಹಳೆಯ ಡಬ್ಬಿಯಲ್ಲೇ ಮುರಿದಿತ್ತು. ಅದಕ್ಕಾಗಿ ಬಸ್ಸು ಹತ್ತಿ ಘಟಪ್ರಭೆಗೆ, ಗೆಳೆಯ ಅಶೋಕನ ಅಂಗಡಿಗೆ ಹೋದ.

“ಮನಿ ಬಾಗಲಕ್ಕ ಹಚ್ಚೋ ಬೆಲ್ಲಿನ ಸ್ವಿಚ್ ಕೊಡೋ.”

“ಬೆಲ್ ಹಚ್ಚುವಷ್ಟು ಸಾವಕಾರ ಆದೇನಪಾ?”

“ಕಂಪ್ಯೂಟರಿಗೋ, ಮಾರಾಯಾ. ಚಾಲೂ ಮಾಡಾಕ.”

“ಒತ್ತಿದ್ರ ಒಳಗಿಂದ ಯಾರ ಬಂದು ಬಾಗಲಾ ತಗೀತಾರು?”

ಕರೆಪ್ಪ ನಕ್ಕ. ಬಸ್ಸಿನಲ್ಲಿ ಕೂತ ಮೇಲೆ ನಗು ಇಳಿಯಿತು. ಯಾರೂ ತೆಗೆಯದಿದ್ದರೆ?

ಮನೆಗೆ ಬಂದು ಸ್ವಿಚ್ ಜೋಡಿಸಿ ಒತ್ತಿದಾಗ ಪೆಟ್ಟಿಗೆಯೊಳಗಿನ ಫ್ಯಾನು ತಿರುಗಿತು, ಪರದೆ ಬೆಳಗಿತು. ಸೀತವ್ವ ಕೈಮುಗಿದಳು. ಆದರೆ ಹಿತ್ತಲಾಚೆ ಗೋವಿನಜೋಳದ ರಾಶಿ ನಡೆದಿತ್ತು. ಅದರ ಧೂಳು ಬೆಳಕಿಂಡಿಯಿಂದ ಇಳಿಯುತ್ತಿತ್ತು. ಧೂಳು ಬೋರ್ಡಿಗೆ ಹೊಕ್ಕರೆ ಏನು ಗತಿ? ಕರೆಪ್ಪನ ಕೈ ತಾನಾಗಿಯೇ ಟ್ರಂಕಿನೊಳಗಿನ ಹಳೆಯ ಕಂಬಳಿಗೆ ಹೋಯಿತು. ಅವರ ಮನೆಯಲ್ಲಿ ಈಗಷ್ಟೇ ಹುಟ್ಟಿದ ಮರಿಯನ್ನು ಕಂಬಳಿಯಲ್ಲೇ ಸುತ್ತುವುದು. ದೇವರನ್ನು ಕೂರಿಸುವುದೂ ಕಂಬಳಿಯ ಮೇಲೆಯೇ. ಅದನ್ನು ಕತ್ತರಿಸಿ, ತೂತುಗಳ ಮೇಲೂ ಬಿಡದಂತೆ, ಪೆಟ್ಟಿಗೆಯ ಒಳಗೆಲ್ಲ ಅಂಟಿಸಿದ. ಹಲಗೆ ನಡುಗುವ ಸದ್ದೂ ನಿಂತಿತು. ಅವನಿಗೆ ಸಮಾಧಾನವಾಯಿತು.

ಮರುದಿನ ಮಧ್ಯಾಹ್ನ ಪತ್ರಿಕೆಯಲ್ಲಿ ಸೋದರಮಾವಂದಿರ ಹೆಸರು ಜೋಡಿಸುತ್ತಿದ್ದಾಗ ಪರದೆ ಒಮ್ಮೆಲೇ ಕಪ್ಪಾಯಿತು.

ಮತ್ತೆ ಒತ್ತಿದ. ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಮೂರನೆಯ ಸಲ ಹೆಸರಿನ ಮೊದಲಕ್ಷರವನ್ನೂ ತಾಳಲಿಲ್ಲ. ಸ್ಕ್ರೂ ಬಿಗಿಮಾಡಿದ, ವಯರ್ ಕಿತ್ತು ಹಾಕಿದ, ಸ್ವಿಚ್ಚನ್ನು ಬೈದ. ಬೋರ್ಡೇ ಸತ್ತಿತೆಂದು ಅನಿಸಿತು. ಹೊರಗೆ ಬಿಸಿಲು ಇಳಿಯುತ್ತಿತ್ತು. ಅಣ್ಣನಿಗೆ ಏನೆಂದು ಹೇಳುವುದು, ಯಾವ ಮಾತಿನಿಂದ ಶುರು ಮಾಡುವುದು ಎಂದು ಮನಸ್ಸು ಆಗಲೇ ವಾಕ್ಯ ಹುಡುಕತೊಡಗಿತ್ತು.

ಸೀತವ್ವ ಚಹಾ ತಂದವಳು ಬಾಗಿಲಲ್ಲೇ ನಿಂತಳು. “ಏನ್ರಿ, ಮನಿಯಾಗ ಕುರಿ ವಾಸನಿ ಬರಾಕತ್ತೈತಿ?”

“ನನ್ನ ಜೀವ ಹೊಂಟೈತಿ. ನಿನಗ ವಾಸನಿ ಚಿಂತಿ.”

ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ಸರಕ್ಕನೆ ತೆಗೆದಳು. ಮುಚ್ಚಳ ಎತ್ತಿ ಒಳಗೆ ಇಣುಕಿದಳು. “ಅಯ್ಯ! ಬ್ಯಾಸಿಗ್ಯಾಗ ಕುರಿ ಉಣ್ಣಿ ಕತ್ತರಸ್ತೀರಿ, ಇದಕ್ಕ ತಂದು ಕಂಬಳಿ ಹೊಚ್ಚೀರಿ? ಕುರುಬರ ಮಗಾ ಹೌದೋ ಅಲ್ಲೋ ನೀವು?”

ಕರೆಪ್ಪ ಅವಳ ಮುಖ ನೋಡಿದ. ಆಮೇಲೆ ಎರಡೂ ಕೈಯಿಂದ ಕಂಬಳಿ ಕಿತ್ತ. ಉಣ್ಣೆಯ ಎಳೆಗಳು ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡಿದ್ದವು. ಸೀತವ್ವ ಹೇರ್‌ಪಿನ್ನಿನಿಂದ ಒಂದೊಂದೇ ಎಳೆ ತೆಗೆದಳು. ಅವನು ಬೀಸಣಿಗೆ ಹಿಡಿದು ಬೋರ್ಡಿಗೆ ಗಾಳಿ ಹಾಕುತ್ತ ಕೂತ. ಬೆಳಕಿಂಡಿಗೆ ಅವಳದೊಂದು ತೆಳು ಓಢಣಿ ಕಟ್ಟಿದರು.

ಇನ್ನೂ ಬಿಸಿ ಆರುವ ಮೊದಲೇ ಶಿವಗಂಗವ್ವ ಒಳಗೆ ಬಂದರು.

“ಏನಿದು, ಕರೆಪ್ಪ? ಕಂಪ್ಯೂಟರೋ, ಕೋಳಿ ಗೂಡೋ?”

“ಕಂಪ್ಯೂಟರ್ರಿ, ಅವ್ವಾರ. ಕುಂಡ್ರರಿ.”

ಒತ್ತಿದ. ಪರದೆ ಬೆಳಗಿತು. ಅವನ ಎದೆ ಮಾತ್ರ ಬೆಳಗಲಿಲ್ಲ. ಬೆಳಗುವುದು ಪರದೆಗೆ ಮೊದಲಿನಿಂದಲೂ ಬರುತ್ತಿತ್ತು, ನಿಲ್ಲುವುದು ಬೇಕಿತ್ತು. ಉಳಿದಿದ್ದ ಸೋದರಮಾವಂದಿರ ಹೆಸರು ಜೋಡಿಸಿ ತೋರಿಸಿದ; ಶಿವಗಂಗವ್ವ ಕನ್ನಡಕ ಏರಿಸಿ ಓದಿದರು. ಬೀಗರಲ್ಲಿ ಒಬ್ಬರು ಬಿಟ್ಟುಹೋಗಿದ್ದರು. ಸೇರಿಸಿದ. ಅವರನ್ನು ಹಾಕಿದ ಮೇಲೆ ಅವರ ತಮ್ಮನನ್ನು ಬಿಡುವಂತಿಲ್ಲ. ತಮ್ಮ ಬಂದರೆ ಇತ್ತ ಅಳಿಯ. “ಪತ್ರಿಕಿಯಾಗ ಹೆಸರಿಲ್ಲಂದ್ರ ಉಣ್ಣಾಕ ಬರಂಗಿಲ್ಲ ಅವರು. ಹಾಕು, ಹಾಕು.” ಪ್ರತಿ ಹೆಸರಿಗೂ ಕರೆಪ್ಪ ಸೇವ್ ಮಾಡುವ ಗುಂಡಿ ಒತ್ತಿದ. ಎಡಗೈ ಹಲಗೆಯ ಮೇಲೆಯೇ ಇತ್ತು, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಫ್ಯಾನಿನ ಸದ್ದು ಸ್ವಲ್ಪ ಏರಿದರೂ ಬಲಗೈ ಮತ್ತೊಮ್ಮೆ ಆ ಗುಂಡಿಗೆ ಹೋಗುತ್ತಿತ್ತು. ಸೀತವ್ವ ಅಡುಗೆಮನೆಯ ಬಾಗಿಲಲ್ಲಿ ಬೀಸಣಿಗೆ ಹಿಡಿದು ನಿಂತೇ ಇದ್ದಳು.

ಕೊನೆಗೆ ಶಿವಗಂಗವ್ವ ಕನ್ನಡಕ ಇಳಿಸಿದರು. “ಚಲೋ ಆತು. ಮಾಡಿಸಿಬಿಡು. ಮುಂದ ಕೂಸಿನ ಜವಳ ಐತಿ, ಸಣ್ಣ ಮಗನ ಲಗ್ನ ಐತಿ. ನೀ ಊರ ಬಿಟ್ಟು ಎಲ್ಲೂ ಹೋಗಂಗಿಲ್ಲಲ್ಲ?”

ಕರೆಪ್ಪ ಒಂದು ಗಳಿಗೆ ಫ್ಯಾನಿನ ಸದ್ದಿಗೆ ಕಿವಿಗೊಟ್ಟ.

“ಇಲ್ರಿ, ಅವ್ವಾರ. ಇಲ್ಲೇ ಇರ್ತೇನ್ರಿ.”

ಅಂಗೈ ಮಾತ್ರ ಹಲಗೆಯ ಮೇಲಿಂದ ಏಳಲಿಲ್ಲ.