ಮೆಲ್ಬರ್ನಿನ ಶಾರ್ಟ್ ಫಾರ್ಮ್, ಇಂಗ್ಲೆಂಡಿನ ಬೈಗುಳ

ಗೆಳೆಯರೇ, ಇವತ್ತು ಬೆಳಿಗ್ಗೆ ಬಸವನಗುಡಿಯಲ್ಲಿ, ಮೆಲ್ಬರ್ನಿನಿಂದ ಬಂದಿರುವ ಚಿಕ್ಕಮ್ಮನ ಮಗಳು ವೀಣಾ ಜೊತೆ ದೋಸೆ ತಿನ್ನುತ್ತಿದ್ದೆ. "ಅಲ್ಲಿ ನಮ್ ಪಕ್ಕದ್ಮನೆಯೋರು ಪಾಕಿಗಳು ಕಣೇ, ತುಂಬಾ ಒಳ್ಳೆಯೋರು" ಎಂದಳು.

ನಾನು ತಡೆದೆ. "ಹಾಗನ್ಬೇಡ ಕಣೇ. ಇಂಗ್ಲೆಂಡಲ್ಲಿ ಅದು ಕೆಟ್ಟ ಬೈಗುಳ."

"ಅಯ್ಯೋ, ನಮ್ ಮೆಲ್ಬರ್ನಲ್ಲಿ ಎಲ್ಲದಕ್ಕೂ ಶಾರ್ಟ್ ಫಾರ್ಮೇ. ಕ್ರಿಕೆಟ್ ನೋಡೋವಾಗ ಎಷ್ಟೋ ಜನ ಹಾಗೇ ಅಂತಾರೆ."

ಹತ್ತು ವರ್ಷ ನಾನು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದೆ. ಒಮ್ಮೆ ಬಸ್‌ಸ್ಟಾಪಿನಲ್ಲಿ ಒಬ್ಬ ಅದೇ ಪದ ಕೂಗಿ ನನ್ನ ಕಡೆ ಉಗಿದಿದ್ದನ್ನು ಹೇಳಿದೆ.

"ಆದ್ರೆ ನೀನು ಪಾಕಿಸ್ತಾನದವಳಲ್ವಲ್ಲ! ಇಂಡಿಯನ್ ಅಂತ ಹೇಳ್ಬೇಕಿತ್ತು."

ಹೇಳಿದ್ದೆ, "ನಾನು ಪಾಕಿ ಅಲ್ಲ, ಇಂಡಿಯನ್" ಅಂತ. ಉಗಿದವನಿಗೆ ಅದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಆದರೆ ಆಗ ನನ್ನ ಜೊತೆ ಲಾಹೋರಿನ ನಸೀಮ್ ಇದ್ದಳು. ನಮ್ಮದು ಒಂದೇ ವಾರ್ಡು, ಮಧ್ಯಾಹ್ನದ ಡಬ್ಬಿ ಹಂಚಿಕೊಂಡು ಉಣ್ಣುತ್ತಿದ್ದೆವು. ಆ ಊರಿನಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ. ನಾನು ಅಂದದ್ದನ್ನು ಅವಳು ಕೇಳಿಸಿಕೊಂಡಳು. ಮರುದಿನದಿಂದ ಬೇರೆ ಬಸ್ಸು ಹಿಡಿದಳು. ಆಮೇಲೆ ಆರು ವರ್ಷ ನಾನು ಒಬ್ಬಳೇ ಊಟ ಮಾಡಿದೆ.

ಇದನ್ನು ವೀಣಾಗೆ ಹೇಳಲಿಲ್ಲ. "ದೋಸೆ ಆರೋಗತ್ತೆ, ತಿನ್ನು" ಎಂದೆ. ನಿಮಗೆ ಹೇಳುವುದು ಸುಲಭ. ನೀವು ಯಾರೂ ನನ್ನ ಮುಖ ನೋಡುತ್ತಿಲ್ಲವಲ್ಲ.